ಸುತ್ತಳತೆ

ವಾರದ ಆರು ದಿನ ನಾನು ಓದುವುದು ನೀರಿನ ಮೀಟರು.
ಗೇಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು
ಒಣಗರಿ ಸರಿಸಿ, ಇರುವೆ ಊದಿ,
ಗಾಜಿಗೆ ಉಗುಳು ಹಚ್ಚಿ ಉಜ್ಜಿ
ಐದು ಅಂಕೆ ಬರೆದುಕೊಂಡು ಎದ್ದರೆ
ಮೊಣಕಾಲು ಲಟಕ್ಕೆನ್ನುತ್ತದೆ.
ಏಳನೆಯ ದಿನ ಸೈಕಲ್ಲು.

ತೋಯ್ಬಾನದು ಅದು. ಮಣಿಪುರದ ಹುಡುಗ,
ಮಣಿಪಾಲದಲ್ಲಿ ಓದು ಮುಗಿಸಿ ಹೊರಡುವಾಗ
ಅರ್ಧ ಕ್ರಯಕ್ಕೆ ಕೊಟ್ಟ:
ಟಗರುಕೊಂಬಿನ ಹ್ಯಾಂಡಲು, ದಪ್ಪ ಟಯರು,
ಜೊತೆಗೆ ಒಂದೇ ಪಾಠ.
ಜಲ್ಲಿಗೆ ಇಳಿಯುವಾಗ ಗಾಳಿ ತುಸು ಬಿಡಬೇಕು ಅಣ್ಣ,
ಗಟ್ಟಿ ತುಂಬಿದರೆ ಚಕ್ರ ಕಲ್ಲಿನ ಹತ್ತಿರ ಜಗಳಕ್ಕೆ ನಿಲ್ಲುತ್ತದೆ.

ಹಿರಿಯಡಕದಿಂದ ಇಳಿದು ಹೊಳೆಗೆ ಮುಂಚೆ ಎಡಕ್ಕೆ,
ಡಾಂಬರು ಮುಗಿಯುವಲ್ಲಿ ನನ್ನ ಭಾನುವಾರ ಶುರು.
ಮೊದಲು ಕೋರೆಯ ದಾರಿ, ಕೆಂಪುಕಲ್ಲಿನ ಹುಡಿ,
ಲಾರಿ ಕೊರೆದ ಎರಡು ಚರಂಡಿ, ನಡುವೆ ಮುಳಿಹುಲ್ಲು.
ಆಮೇಲೆ ಗೇರುಗುಡ್ಡ. ಏರು ಎಂದರೆ ಏರು,
ಮಾತು ನಿಂತೇ ಹೋಗುತ್ತದೆ, ಒಬ್ಬನೇ ಇದ್ದರೂ.
ತುದಿಯಲ್ಲಿ ಬೋಳು ಪದವು.
ಅಲ್ಲಿಂದ ಕಾಣುತ್ತದೆ ಸ್ವರ್ಣೆಯ ಕಟ್ಟದ ನೀರು,
ಗುಡ್ಡದ ಸಂದುಸಂದಿಗೂ ಬೆರಳು ತೂರಿಸಿಕೊಂಡು.
ಆ ಬೆರಳುಗಳನ್ನು ಒಂದೊಂದಾಗಿ ಬಳಸಿ ಬರುವುದೇ ನನ್ನ ದಾರಿ.

ಡಿಸೆಂಬರಿನಲ್ಲಿ ಒಂದು ಸುತ್ತು ಇಪ್ಪತ್ತಮೂರು ಕಿಲೋಮೀಟರು.
ಮಾರ್ಚಿಗೆ ಹತ್ತೊಂಬತ್ತು.
ನೀರು ಹಿಂದೆ ಸರಿದಷ್ಟೂ ನಾನು ಒಳಗೆ ಸರಿಯುತ್ತೇನೆ,
ಎಮ್ಮೆ ತುಳಿದು ಒಣಗಿದ ಅಂಚಿನಲ್ಲಿ ಹಲ್ಲು ಕಟಕಟಿಸುತ್ತ.
ಪಂಪುಮನೆಯ ಕಾಂತು ಮೂಲ್ಯರು ಕಂಬದ ಗೀಟು ಓದುತ್ತಾರೆ,
ನಾನು ಹ್ಯಾಂಡಲಿನ ಅಂಕೆ.
"ಎಷ್ಟು?"
"ಹದಿನೆಂಟು ಚಿಲ್ಲರೆ."
"ನನ್ನದು ಮೂರೂವರೆ. ತಾಳೆಯಾಯಿತು,"
ಎಂದು ಲೆಕ್ಕಪುಸ್ತಕದ ಅಂಚಿನಲ್ಲಿ ನನ್ನದನ್ನೂ ಬರೆಯುತ್ತಾರೆ,
ಪೆನ್ಸಿಲಿನಲ್ಲಿ. ಮೇಲಿನವರು ಬಂದರೆ ಅಳಿಸಬಹುದಲ್ಲ.

ಈ ಸಲ ಮೇ ತಿಂಗಳ ಎರಡನೆಯ ಭಾನುವಾರ
ನೀರೇ ಇರಲಿಲ್ಲ ಎನ್ನಬೇಕು.
ಹೊಂಡಗಳಲ್ಲಿ ಉಳಿದದ್ದನ್ನು ಡೀಸೆಲ್ ಪಂಪುಗಳು
ಕೆಮ್ಮಿ ಕೆಮ್ಮಿ ಎತ್ತುತ್ತಿದ್ದವು.
ಮಿಕ್ಕಲ್ಲೆಲ್ಲ ಕಲ್ಲು. ಹೊಳೆಯೇ ಮಾಡಿದ ಜಲ್ಲಿ,
ಯಾವ ಕ್ರಷರೂ ಮುಟ್ಟದ್ದು:
ಬಟಾಣಿ, ಗೋಲಿ, ಹಲಸಿನ ಬೇಳೆ.
ಗಾಳಿ ಬಿಟ್ಟೆ. ಇನ್ನೂ ಬಿಟ್ಟೆ.
ಇಳಿದೆ.

ಏನು ಹೇಳಲಿ, ಅಂಥ ಸವಾರಿ ಜನ್ಮದಲ್ಲಿ ಮಾಡಿರಲಿಲ್ಲ.
ಚಕ್ರದಡಿ ಮೊರದಲ್ಲಿ ಕುಚ್ಚಲಕ್ಕಿ ಕೇರಿದ ಸದ್ದು.
ನಡುವೆ ತಟ್ಟನೆ ಗಟ್ಟಿ ನೆಲ: ಹಳೆಯ ರಸ್ತೆ!
ಕಟ್ಟಕ್ಕಿಂತ ಮೊದಲಿನದು, ಹೂಳು ಹೊದ್ದು ಮಲಗಿದ್ದು.
ಪಕ್ಕದಲ್ಲಿ ಮೊಣಕಾಲೆತ್ತರದ ಮೈಲುಕಲ್ಲು.
ಉಗುಳು ಹಚ್ಚಿ ಉಜ್ಜಿದೆ, ಅಭ್ಯಾಸ.
ಉಡುಪಿ ೮.

ಅಲ್ಲಿಂದ ನೇರ ಆಚೆ ದಡಕ್ಕೆ.
ಸುತ್ತು ಮುಗಿದಾಗ ಬರೇ ಒಂಬತ್ತು.
"ಒಂಬತ್ತು!" ಎಂದೆ ಪಂಪುಮನೆಯ ಮುಂದೆ, ಗೆದ್ದವನ ಹಾಗೆ.
ಕಾಂತು ಮೂಲ್ಯರು ಪೆನ್ಸಿಲು ಎತ್ತಲಿಲ್ಲ.
"ಖುಷಿಯಾ?" ಎಂದರು.

ಮಾರನೆಯ ದಿನ ಕುಂಜಿಬೆಟ್ಟು.
ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಕಾಲ.
ನಳ್ಳಿ ತಿರುಗಿಸಿದರೆ ಮೊದಲು ಬರುವುದು ಗಾಳಿ,
ಗಾಳಿಗೂ ಓಡುತ್ತದೆ ಮೀಟರಿನ ಮುಳ್ಳು.
ಫ್ಲೋಸಿಬಾಯಿ ಖಾಲಿ ಕೊಡಪಾನ ಸೊಂಟಕ್ಕಿಟ್ಟು ಕೇಳಿದರು,
"ಬಾರದ ನೀರಿಗೆ ಇಷ್ಟು ದೂರ ಓಡಿದ್ದು ಯಾರು ಮಾರಾಯ?"

ಕುಕ್ಕರಗಾಲಲ್ಲಿ ಕೂತೇ ಇದ್ದೆ.
ಪ್ಯಾಂಟಿನ ಮಡಿಕೆಯಿಂದ ಹೊಳೆಯ ಮರಳು
ಅವರ ಅಂಗಳಕ್ಕೆ ಉದುರಿತು, ಒಂದು ಚಿಟಿಕೆ.
ಅಂಕೆ ಬರೆದುಕೊಂಡೆ.

ಈಗ ದೀಪಾವಳಿ ಕಳೆದು ಕಟ್ಟಕ್ಕೆ ಹಲಗೆ ಹಾಕಿದ್ದಾರೆ.
ದಾರಿ ವಾರವಾರಕ್ಕೂ ಉದ್ದವಾಗುತ್ತಿದೆ.
ಗೇರುಗುಡ್ಡದ ಜಾರಿಕೆಯಲ್ಲಿ ಸೈಕಲ್ಲು ನನ್ನ ಹೆಗಲ ಮೇಲೆ ಕೂತು ಬರುತ್ತದೆ.
ತೋಯ್ಬಾನನ್ನು ಬೈಯುತ್ತೇನೆ, ಏದುತ್ತೇನೆ, ಎಣಿಸುತ್ತೇನೆ.
ಮೈಲುಕಲ್ಲು ಎಲ್ಲಿತ್ತು ಎಂದು ಗುರುತಿಗೆ
ಒಂದು ನೀರುಕಾಗೆ ಮುಳುಗಿ ಏಳುತ್ತಿದೆ, ಇರಬಹುದು, ಗೊತ್ತಿಲ್ಲ.
ಇಪ್ಪತ್ತೊಂದೂವರೆ.
ಇನ್ನೂ ಒಂದೂವರೆ ಬಾಕಿ.